ಒಂದು ಬಿಟ್ಟೋ, ಇಪ್ಪತ್ತನಾಲ್ಕು ಬಿಟ್ಟೋ? ಹೋಲಿಸಿ ನೋಡುವುದು ಹೀಗೆ

ಒಂದೇ ಹಾಡಿನ ಎರಡು ಫೈಲ್ ನಿಮ್ಮ ಹತ್ತಿರ ಇವೆ ಅನ್ನಿ. ಒಂದು ಡಿಎಸ್‌ಡಿ, ಅಂದರೆ ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ತಂದ ಸೂಪರ್ ಆಡಿಯೊ ಸಿಡಿಯ ಒಂದು ಬಿಟ್ ಮಾದರಿ. ಇನ್ನೊಂದು 24 ಬಿಟ್ ಪಿಸಿಎಂ, ಅಂದರೆ ಮಾಮೂಲಿ ಸಿಡಿಯಲ್ಲೂ ಇರುವ, ದನಿಯನ್ನು ಅಂಕಿಗಳಲ್ಲಿ ಅಳೆದಿಡುವ ಮಾದರಿ. ಮೊದಲನೆಯದರಲ್ಲಿ 2.8224 ಮೆಗಾಹರ್ಟ್ಜ್ ಅಂತಿದೆ, ಎರಡನೆಯದರಲ್ಲಿ ಬರೀ 96 ಕಿಲೋಹರ್ಟ್ಜ್. ಹಾಗಾದರೆ ಮೊದಲನೆಯದು 29 ಪಟ್ಟು ಮೇಲು ಅಂದುಕೊಂಡರೆ ಅಲ್ಲೇ ಎಡವಿದಿರಿ.

ಮೊದಲು ಗುಣಿಸಿ. ಸೆಕೆಂಡಿನ ಸ್ಯಾಂಪಲ್ (ಆ ಹರ್ಟ್ಜ್ ಅಂಕಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಳೆದದ್ದು) ಇಂಟು ಬಿಟ್ ಇಂಟು ಎರಡು ಚಾನೆಲ್. ಡಿಎಸ್‌ಡಿಗೆ ಸೆಕೆಂಡಿಗೆ 56.4 ಲಕ್ಷ ಬಿಟ್ ಬರುತ್ತದೆ, 24/96ಕ್ಕೆ (24 ಬಿಟ್, 96 ಕಿಲೋಹರ್ಟ್ಜ್) 46 ಲಕ್ಷ, ಮಾಮೂಲಿ ಸಿಡಿಗೆ 14.1 ಲಕ್ಷ. ಅಂತರ ಅಷ್ಟೇನಿಲ್ಲ, ಅಲ್ವಾ?

ಆದರೆ ಎರಡೂ ಕಡೆ ಬಿಟ್ ಮಾಡುವ ಕೆಲಸ ಬೇರೆ. ಪಿಸಿಎಂನಲ್ಲಿ ಪ್ರತಿ ಸ್ಯಾಂಪಲ್ಲೂ ಒಂದು ಪೂರ್ತಿ ಅಳತೆ. ಒಂದು ಬಿಟ್ ಜಾಸ್ತಿಯಾದರೆ ಗದ್ದಲಕ್ಕೂ ಅತಿ ಜೋರು ದನಿಗೂ ನಡುವಿನ ಅಂತರದಲ್ಲಿ ಸುಮಾರು 6 ಡೆಸಿಬೆಲ್ ಲಾಭ, ಹಾಗಾಗಿ 16 ಬಿಟ್ಟಿಗೆ 96 ಡೆಸಿಬೆಲ್. ಡಿಎಸ್‌ಡಿಯದು ತಂಬೂರಿ ಶ್ರುತಿ ಮಾಡಿಸುವ ಗುರುಗಳ ರೀತಿ: 'ಏರಿಸು', 'ಇಳಿಸು', ಅಷ್ಟೇ, ಎಷ್ಟು ಅಂತ ಹೇಳುವುದಿಲ್ಲ, ಆದರೆ ಸೆಕೆಂಡಿಗೆ 28 ಲಕ್ಷ ಸಲ ಹೇಳುತ್ತಾರೆ. ಹೀಗೆ ಮಾಡುವಾಗ ಹುಟ್ಟುವ ಗದ್ದಲ ಎಲ್ಲೂ ಮಾಯವಾಗಲ್ಲ. ಅದನ್ನು ನಮ್ಮ ಕಿವಿ ಮುಟ್ಟದ 20 ಕಿಲೋಹರ್ಟ್ಜ್ ಆಚೆಗೆ ತಳ್ಳುತ್ತಾರೆ, ಈಚೆಗೆ ಸುಮಾರು 120 ಡೆಸಿಬೆಲ್ ಸ್ವಚ್ಛ ಜಾಗ ಉಳಿಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಡಿಎಸ್‌ಡಿ ಫೈಲನ್ನು 352.8 ಕಿಲೋಹರ್ಟ್ಜ್, 24 ಬಿಟ್ ವೇವ್ (WAV) ಫೈಲ್ ಮಾಡಿಕೊಳ್ಳಿ (ಕಮ್ಮಿ ಮಾಡಿದರೆ ನೋಡಬೇಕಾದ್ದೇ ಕತ್ತರಿಸಿ ಹೋಗುತ್ತದೆ). ಆಡಾಸಿಟಿ ಅನ್ನುವ ಉಚಿತ ಆಡಿಯೊ ತಂತ್ರಾಂಶದಲ್ಲಿ ತೆರೆದು, ಹಾಡು ಮೆತ್ತಗಿರುವ ಕಡೆ ಆರಿಸಿ, ಸ್ಪೆಕ್ಟ್ರಮ್ (ಯಾವ ಕಂಪನದಲ್ಲಿ ಎಷ್ಟು ದನಿ ಅಂತ ತೋರಿಸುವ ಗೆರೆಚಿತ್ರ) ಹಾಕಿ. ಇಪ್ಪತ್ತೈದು ಕಿಲೋಹರ್ಟ್ಜ್ ಆಸುಪಾಸು ದಾಟಿದ ಮೇಲೆ ಗೆರೆ ಗುಡ್ಡದ ಹಾಗೆ ಮೇಲೇರುತ್ತದೆ. ಅದೇ ಆ ಗದ್ದಲ. 24/96 ಫೈಲಿನಲ್ಲಿ ಈ ಗುಡ್ಡ ಇರಲ್ಲ, ಆದರೆ ಗೆರೆ 48 ಕಿಲೋಹರ್ಟ್ಜ್‌ಗೇ, ಅಂದರೆ 96ರ ಅರ್ಧಕ್ಕೇ, ಮುಗಿಯುತ್ತದೆ. ಅಂದಹಾಗೆ, ಕೆಲವು 24/96 ಫೈಲಿನಲ್ಲೂ ಗುಡ್ಡ ಕಂಡರೆ ಅದು ಡಿಎಸ್‌ಡಿಯಿಂದಲೇ ಮಾಡಿದ್ದಿರಬಹುದು!

ಇನ್ನು ಕೇಳುವ ಪರೀಕ್ಷೆ. ಅಂಗಡಿಯಿಂದ ಬೇರೆ ಬೇರೆ ತಂದ ಫೈಲ್ ಬೇಡ, ಮಾಸ್ಟರಿಂಗೇ (ಬಿಡುಗಡೆಗೆ ಮುಂಚೆ ದನಿಯನ್ನು ಕೊನೆಯ ಸಲ ತಿದ್ದುವ ಕೆಲಸ) ಬೇರೆ ಇರಬಹುದು. ಡಿಎಸ್‌ಡಿಯಿಂದಲೇ ನೀವೇ 24/88.2 ಮಾಡಿಕೊಳ್ಳಿ, 2.8224 ಮೆಗಾಹರ್ಟ್ಜ್ ಸರಿಯಾಗಿ 32ರಿಂದ ಭಾಗವಾಗಿ 88.2 ಕಿಲೋಹರ್ಟ್ಜ್ ಬರುತ್ತದೆ. ವಾಲ್ಯೂಮ್ ಸಮ ಮಾಡುವುದು ಮುಖ್ಯ, ಯಾಕೆಂದರೆ ಡಿಎಸ್‌ಡಿ ಬಹಳ ಸಲ 6 ಡೆಸಿಬೆಲ್ ಕೆಳಗಿರುತ್ತದೆ, ಜೋರಾಗಿರುವುದೇ ಯಾರಿಗೂ ಚೆನ್ನ ಅನಿಸುತ್ತದೆ. ಡ್ಯಾಕ್‌ನ (ಡಿಜಿಟಲ್ ಫೈಲನ್ನು ದನಿಯ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ಡಿಸ್‌ಪ್ಲೇ ಮೇಲೆ ಟವೆಲ್ ಹಾಕಿ, ಮನೆಯವರ ಕೈಲಿ 16 ಸಲ ಬದಲಾಯಿಸಿಸಿ, ಪ್ರತಿ ಸಲ ಯಾವುದು ಅಂತ ಚೀಟಿಯಲ್ಲಿ ಬರೆಯಿರಿ. 12 ಸರಿಯಾದರೆ ಏನೋ ಕೇಳಿಸಿದೆ ಅನ್ನಬಹುದು. ನನ್ನದು 9 ಬಂತು.