ಹೆಡ್‌ನಲ್ಲೇ ಮುರಿದು ಕೂತ ಸ್ಪಾರ್ಕ್ ಪ್ಲಗ್ ತೆಗೆಯುವುದು ಹೇಗೆ?

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿನ ಮೂರನೇ ಪ್ಲಗ್ ಬಿಚ್ಚಲು ಹೋದೆ. ಜಾಸ್ತಿ ಬಲ ಹಾಕಿದ್ದಕ್ಕೆ ಮೇಲಿನ ಷಟ್ಕೋನದ ಭಾಗ ಕೈಗೆ ಬಂತು, ಥ್ರೆಡ್ (ಮರೆ ಇರುವ ಭಾಗ) ಹೆಡ್‌ನಲ್ಲೇ, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದಲ್ಲೇ, ಉಳಿಯಿತು. ಪ್ಲಗ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂ. ತೇವ ಸೇರಿ ಎರಡರ ನಡುವೆ ತುಕ್ಕು ಕಚ್ಚಿಕೊಳ್ಳುತ್ತದೆ. ಪ್ಲಗ್ ಹೋದರೆ ಹೊಸದು ಸಿಗುತ್ತದೆ, ಹೆಡ್ ಕೆಟ್ಟರೆ ಕಷ್ಟ. ಅದಕ್ಕೇ ಇಲ್ಲಿ ಅವಸರ ಮಾಡಲೇಬೇಡಿ.

ಮೊದಲು ಬ್ಯಾಟರಿಯ ವಯರ್ ತೆಗೆಯಿರಿ. ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ. ಉಳಿದ ಮೂರು ಪ್ಲಗ್ ಬಿಚ್ಚಿದರೆ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಈಗ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಳಗೆ ತಿರುಗುವ ರೋಟರ್ ಮುರಿದ ಪ್ಲಗ್ಗಿನ ವಯರ್ ಕಡೆ ಬರುವ ಸ್ವಲ್ಪ ಮುಂಚೆಯೇ ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಪಿಸ್ಟನ್ ಪೂರ್ತಿ ಮೇಲೆ ಬಂದಿರುವುದಿಲ್ಲ. ಚೂರು ಬಿದ್ದರೂ ವಾಲ್ವ್ ಕೂರುವ ಜಾಗಕ್ಕೆ ಸಿಕ್ಕಿಕೊಳ್ಳುವುದಿಲ್ಲ, ನಿಮ್ಮ ಟೂಲ್ ಪಿಸ್ಟನ್‌ಗೆ ತಾಗುವುದೂ ಇಲ್ಲ.

ನಂತರ ತುಕ್ಕು ಬಿಡಿಸುವ ಎಣ್ಣೆ ಹಾಕಿ. ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಹಾಕಿ, ಎರಡು ದಿನವಾದರೂ ಪರವಾಗಿಲ್ಲ. ಪ್ಲಗ್ಗಿನ ಬಿಳಿ ಪಿಂಗಾಣಿ ಒಳಗೆ ಉಳಿದಿದ್ದರೆ ಒಳಕ್ಕೆ ತಳ್ಳಬೇಡಿ. ಸಡಿಲವಾದ ಚೂರುಗಳನ್ನು ಚಿಮಟದಿಂದ ಎತ್ತಿ, ವ್ಯಾಕ್ಯೂಮ್ ಬಾಯಿಗೆ ಸಣ್ಣ ಪೈಪ್ ಸಿಕ್ಕಿಸಿ ಎಳೆಯಿರಿ. ಆದರೆ ಎಣ್ಣೆ, ಪೆಟ್ರೋಲ್ ವಾಸನೆ ಇರುವಾಗ ವ್ಯಾಕ್ಯೂಮ್ ಬೇಡ, ಕಿಡಿ ತಗುಲಬಹುದು. ಒರೆಸಿ, ಒಣಗಿಸಿ, ಆಮೇಲೆ.

ಮುಂದಿನದು ಶಾಖ. ಹೀಟ್ ಗನ್‌ನಿಂದ ಪ್ಲಗ್ ಸುತ್ತಲಿನ ಹೆಡ್ ಬಿಸಿ ಮಾಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲಾಗುವುದು ಹೀಗೆ. ಬೆಂಕಿಯ ಜ್ವಾಲೆ ಮಾತ್ರ ಬೇಡ. ಪೆಟ್ರೋಲ್ ಪೈಪ್ ಪಕ್ಕದಲ್ಲೇ ಇರುತ್ತದೆ ಅಲ್ವಾ?

ಮುರಿದ ಭಾಗವನ್ನು ಒಳಗಿನಿಂದ ಹಿಡಿದು ತಿರುಗಿಸುವ ಟೂಲ್, ಎಕ್ಸ್‌ಟ್ರಾಕ್ಟರ್, ಆರಿಸುವಾಗ ಎಚ್ಚರ. ಸುರುಳಿಯಾಕಾರದ್ದು ತಿರುಗಿಸಿದಷ್ಟೂ ಪ್ಲಗ್ಗಿನ ತೆಳು ಗೋಡೆಯನ್ನು ಹೊರಕ್ಕೆ ಉಬ್ಬಿಸಿ ಥ್ರೆಡ್ಡನ್ನು ಇನ್ನೂ ಬಿಗಿ ಮಾಡುತ್ತದೆ. ಚೌಕ ಅಂಚಿನದ್ದು ನನಗೆ ಹಿಡಿಸಿತು. ತುದಿಗೆ ಗ್ರೀಸ್ ಮೆತ್ತಿ, ಮೆಲ್ಲಗೆ ತಟ್ಟಿ ಕೂರಿಸಿ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಹಿಂದೆ ಮುಂದೆ ಆಡಿಸಿ. ಕಿರ್ ಎಂದ ಕೂಡಲೇ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ. ನನ್ನದು ನಾಲ್ಕನೇ ಸಲಕ್ಕೆ ಕದಲಿತು. ಎಷ್ಟು ಮಾಡಿದರೂ ಕದಲದಿದ್ದರೆ ಡ್ರಿಲ್ ಹಿಡಿಯಬೇಡಿ. ಹೆಡ್ ಬಿಚ್ಚಿ ಒಳ್ಳೆಯ ಲೇತ್ ಅಂಗಡಿಗೆ ಒಯ್ಯಿರಿ.

ಹೊರಬಂದ ಮೇಲೆ 14×1.25 ಮಿ.ಮೀ. ಅಳತೆಯ ಥ್ರೆಡ್ ಚೇಸರ್‌ಗೆ (ಹಳೆಯ ಮರೆ ಸ್ವಚ್ಛ ಮಾಡುವ ಟೂಲ್) ಗ್ರೀಸ್ ಹಚ್ಚಿ ಹೆಡ್‌ನ ಥ್ರೆಡ್ ಸರಿ ಮಾಡಿ. ಕಸ ಗ್ರೀಸಿಗೇ ಅಂಟಿ ಬರುತ್ತದೆ. ಒಳಗೆ ಮತ್ತೊಮ್ಮೆ ವ್ಯಾಕ್ಯೂಮ್ ಮಾಡಿ. ಬ್ಯಾಟರಿ ಜೋಡಿಸಿ, ಕಿಡಿ ಬಾರದಂತೆ ಇಗ್ನಿಷನ್ ಕಾಯಿಲ್ ವಯರ್ ಬಿಚ್ಚಿಟ್ಟು, ಪ್ಲಗ್ ಇಲ್ಲದೇ ಎಂಜಿನ್ ಕೆಲವು ಸುತ್ತು ತಿರುಗಿಸಿ. ಉಳಿದ ಚೂರು ಹಾರಿ ಬರುತ್ತವೆ, ಮುಖ ದೂರ ಇರಲಿ.

ಹೊಸ ಪ್ಲಗ್ ಬೆರಳಿನಿಂದಲೇ ಪೂರ್ತಿ ಕೂರಬೇಕು. ಆಮೇಲೆ ಸ್ಪ್ಯಾನರ್‌ನಿಂದ ಅರ್ಧ ಸುತ್ತು ಸಾಕು. ಎಂಜಿನ್ ತಣ್ಣಗಿರುವಾಗ ಮಾತ್ರ.