ಬಿಲ್ ಕೌಂಟರ್ ಸಾಲಿನಲ್ಲಿ ನಿಂತಾಗ

ನಾನು ಆರು ವರ್ಷ ದಿನಸಿ ಅಂಗಡಿಯ ಬಿಲ್ ಕೌಂಟರ್‌ನಲ್ಲಿ ಕೆಲಸ ಮಾಡಿದವಳು. ಸಾಲು ತಡವಾಗುವುದು ಸಾಮಾನು ಸ್ಕ್ಯಾನ್ ಮಾಡುವಾಗ ಅಲ್ಲ. ಮೊತ್ತ ಹೇಳಿದ ಮೇಲೆ ಪರ್ಸ್ ಹುಡುಕುತ್ತಾರಲ್ಲ, ಆಗ.

ಅದಕ್ಕೇ ನಿಮ್ಮ ಮುಂದೆ ಇನ್ನೂ ಇಬ್ಬರಿರುವಾಗಲೇ ಕಾರ್ಡೋ ಫೋನೋ ಚಿಲ್ಲರೆಯೋ ಕೈಗೆ ತೆಗೆದುಕೊಳ್ಳಿ. ಚೀಲ ಬಿಚ್ಚಿಟ್ಟುಕೊಳ್ಳಿ. ಭಾರದ ಸಾಮಾನು ಮೊದಲು ಇಡಿ, ಜಜ್ಜಿ ಹೋಗುವಂಥದ್ದು ಕೊನೆಗೆ. ಏನಾದರೂ ಮರೆತಿದ್ದು ನೆನಪಾದರೆ ಗಾಡಿ ಬಿಟ್ಟು ಓಡಬೇಡಿ. ಹಿಂದಿನವರನ್ನು ಮುಂದೆ ಬಿಟ್ಟು ಹೋಗಿ ತನ್ನಿ.

ಸಾಲು ಆರಿಸುವಾಗ ಗಾಡಿ ಎಷ್ಟು ತುಂಬಿದೆ ಅಂತ ಮಾತ್ರ ನೋಡಬೇಡಿ. ಹಣ ಕೊಡೋದಕ್ಕೆ ಪ್ರತಿಯೊಬ್ಬರಿಗೂ ಹೊತ್ತು ಬೇಕು, ಅಲ್ವಾ? ತುಂಬಿದ ಗಾಡಿಯ ಒಬ್ಬರಿಗಿಂತ ಬುಟ್ಟಿ ಹಿಡಿದ ಐದು ಜನಕ್ಕೆ ಕೆಲವೊಮ್ಮೆ ಜಾಸ್ತಿ ಹೊತ್ತಾಗುತ್ತದೆ. ಇನ್ನು ಒಂದೇ ಥರದ 3 ಸಾಲು ಇದ್ದರೆ, ನಿಮ್ಮದೇ ಎಲ್ಲಕ್ಕಿಂತ ಬೇಗ ಸಾಗುವ ಸಾಧ್ಯತೆ 3ರಲ್ಲಿ 1 ಮಾತ್ರ. ಪಕ್ಕದ ಸಾಲು ಓಡುವುದು ಯಾರ ತಪ್ಪೂ ಅಲ್ಲ.

ಬಾರ್‌ಕೋಡ್ ಮಡಚಿ ಹೋಗಿದ್ದರೆ ಯಂತ್ರ ಓದುವುದಿಲ್ಲ. ಆಗ ಕೆಳಗಿನ ಅಂಕಿಗಳನ್ನು ಕೈಯಲ್ಲಿ ಒತ್ತಬೇಕು. ತುಂಬಾ ಸಾಮಾನುಗಳಲ್ಲಿ 13 ಅಂಕಿ ಇರುತ್ತವೆ. ಕೊನೆಯದು ಉಳಿದವು ಸರಿ ಇವೆಯೇ ಅಂತ ತಾಳೆ ನೋಡುವ ಅಂಕಿ. ಒಂದು ತಪ್ಪಿದರೂ ಯಂತ್ರ ಒಪ್ಪುವುದಿಲ್ಲ, ಮತ್ತೆ ಮೊದಲಿಂದ. ಅದೇ ಹೊತ್ತಿಗೆ ಸಾಲಿನಿಂದ ಯಾರೋ ಉಸ್ ಅಂದರೆ ಬೆರಳು ಇನ್ನಷ್ಟು ತಡವರಿಸುತ್ತದೆ. ನನಗೆ ಎಷ್ಟೋ ಸಲ ಹಾಗಾಗಿದೆ. ದಯವಿಟ್ಟು ಆ ಅರ್ಧ ನಿಮಿಷ ಸುಮ್ನೆ ನಿಲ್ಲಿ.

ಮುಂದಿನವರು ಪಿನ್ ಒತ್ತುವಾಗ ಒಂದು ಹೆಜ್ಜೆ ಹಿಂದೆ ಸರಿಯಿರಿ. ಗಾಡಿ ಅವರ ಕಾಲಿಗೆ ತಾಗದಿರಲಿ.

ಒಂದೇ ಸಾಮಾನು ಹಿಡಿದವರನ್ನು ಮುಂದೆ ಬಿಡುವುದು ಒಳ್ಳೆಯದು. ಆದರೆ ನಿಮ್ಮ ಹಿಂದೆ ಇರುವವರನ್ನೂ ಒಂದು ಮಾತು ಕೇಳಿ. ನೀವು ಬಿಟ್ಟುಕೊಡುತ್ತಿರುವುದು ಅವರ ಹೊತ್ತನ್ನೂ ಹೌದು.

ಚಿಲ್ಲರೆ ಎಣಿಸುವ ಹಿರಿಯರು ಮುಂದಿದ್ದರೆ ಗಡಿಯಾರ ನೋಡಬೇಡಿ. ಒಮ್ಮೆ ಒಬ್ಬ ಅಜ್ಜ ನನ್ನ ಕೌಂಟರ್‌ನಲ್ಲಿ ನಾಣ್ಯ ಎಣಿಸುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. ಎರಡು ಸಲ ಲೆಕ್ಕ ತಪ್ಪಿತು, ಕೈ ನಡುಗತೊಡಗಿತು. ಹಿಂದಿದ್ದ ಹುಡುಗಿ ತನ್ನ ಬುಟ್ಟಿ ಕೆಳಗಿಟ್ಟು, "ನಿಧಾನ ಅಜ್ಜ, ನನಗೇನೂ ಅವಸರ ಇಲ್ಲ" ಅಂದಳು. ಮೂರನೇ ಸಲ ಲೆಕ್ಕ ತಪ್ಪಲಿಲ್ಲ.