ಎರಡು ಫೋನ್, ನಾಲ್ಕು ಮರದ ತುಂಡು: ತರಗತಿಯಲ್ಲಿ ಡಿಜಿಟಲ್ ಸಾಧನ ಬಳಸುವ ಬಗೆ

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ. ಕನ್ನಡ ಮಾಧ್ಯಮ. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ, ಕೆಲವು ಲ್ಯಾಪ್‌ಟಾಪ್ ಇವೆ. ಕರೆಂಟು ಬಂದು ಹೋಗುತ್ತಿರುತ್ತದೆ, ಮಳೆ ಜೋರಾದರೆ ನೆಟ್‌ವರ್ಕ್ ಕೈಕೊಡುತ್ತದೆ. ರಾಜ್ಯದ ಬಹುಪಾಲು ಹಳ್ಳಿ ಶಾಲೆಗಳ ಶಿಕ್ಷಕರಿಗೆ ಇದು ಗೊತ್ತಿರುವ ಸ್ಥಿತಿಯೇ. ಇಷ್ಟರಲ್ಲೇ ತುಂಬಾ ಮಾಡಬಹುದು ಎಂಬುದು ನನ್ನ ಅನುಭವ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಸ್ಮಾರ್ಟ್ ಕ್ಲಾಸ್ ಎಂದರೆ ವಿಡಿಯೊ ಹಾಕಿ ಕೂರುವುದು ಎಂಬ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ನನಗೆ ಅದು ಒಪ್ಪಿಗೆಯಿಲ್ಲ. ವಿಡಿಯೊ ಓಡುವಷ್ಟು ಹೊತ್ತು ತರಗತಿ ಸದ್ದಿಲ್ಲದೆ ಇರುತ್ತದೆ ನಿಜ. ಮರುದಿನ ಕೇಳಿದರೆ ಮಕ್ಕಳಿಗೆ ಚಿತ್ರ ನೆನಪಿರುತ್ತದೆ, ಕಾರಣ ನೆನಪಿರುವುದಿಲ್ಲ. ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ಅಳೆಯಬೇಕು, ಊಹೆ ಸುಳ್ಳಾದರೆ ಯಾಕೆಂದು ವಾದಿಸಬೇಕು. ಈ ಮೂರರಲ್ಲಿ ಒಂದಕ್ಕಾದರೂ ನೆರವಾಗದ ಆ್ಯಪ್ ಎಷ್ಟೇ ಚೆಂದವಿದ್ದರೂ ನಾನು ತರಗತಿಗೆ ಒಯ್ಯುವುದಿಲ್ಲ.

ಒಂದೇ ಪಾಠ ಹಿಡಿದು ಹೇಳುತ್ತೇನೆ: ಒಂಬತ್ತನೇ ತರಗತಿಯ 'ಶಬ್ದ'.

ಮೊದಲು ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗುರುತಿಸಿಕೊಳ್ಳಿ. ಈ ಪಾಠದಲ್ಲಿ ಅವರು ಗಟ್ಟಿಯಾಗಿ ನಂಬಿರುವ ಒಂದು ತಪ್ಪು ಎಂದರೆ, ಜೋರಾದ ಸದ್ದು ಬೇಗ ತಲುಪುತ್ತದೆ ಎಂಬುದು. ಪುಸ್ತಕ ಓದಿಸಿ, ನೋಟ್ಸ್ ಬರೆಸಿದರೂ ಈ ನಂಬಿಕೆ ಅಲುಗಾಡುವುದಿಲ್ಲ. ಪರೀಕ್ಷೆಯಲ್ಲಿ ಸರಿ ಉತ್ತರ ಬರೆಯುತ್ತಾರೆ, ಮನಸ್ಸಿನಲ್ಲಿ ಹಳೆಯದನ್ನೇ ಇಟ್ಟುಕೊಂಡಿರುತ್ತಾರೆ.

ಇಂಥ ನಂಬಿಕೆಗಳನ್ನು ಹೊರಗೆಳೆಯುವ ಪ್ರಶ್ನೆ ತಯಾರಿಸಲು ನಾನು ಎಐ ಬಳಸುತ್ತೇನೆ. ಚಾಟ್‌ಜಿಪಿಟಿ, ಜೆಮಿನಿ ಎರಡಕ್ಕೂ ಕನ್ನಡ ಬರುತ್ತದೆ. ಪಠ್ಯಪುಸ್ತಕದ ಪುಟದ ಫೋಟೊ ಹಾಕಿ ಹೀಗೆ ಕೇಳಿ: 'ಇದು 9ನೇ ತರಗತಿ, ಕನ್ನಡ ಮಾಧ್ಯಮ. ಈ ಪುಟದ ಆಧಾರದ ಮೇಲೆ ಐದು ಬಹು ಆಯ್ಕೆ ಪ್ರಶ್ನೆ ಬರೆ. ಪ್ರತಿ ತಪ್ಪು ಆಯ್ಕೆಯೂ ಈ ವಯಸ್ಸಿನ ಮಕ್ಕಳಿಗೆ ನಿಜವಾಗಿ ಇರುವ ಒಂದು ತಪ್ಪು ಕಲ್ಪನೆಯಿಂದ ಹುಟ್ಟಿರಬೇಕು. ಅದು ಯಾವ ಕಲ್ಪನೆ ಎಂದು ಪಕ್ಕದಲ್ಲೇ ತಿಳಿಸು. ಪುಟದಲ್ಲಿರುವ ಪಾರಿಭಾಷಿಕ ಪದಗಳನ್ನೇ ಬಳಸು.' ಕೊನೆಯ ವಾಕ್ಯ ಬಿಡಬೇಡಿ. ಬಿಟ್ಟರೆ ಮಕ್ಕಳು ಎಂದೂ ಕೇಳದ ಪದಗಳು ಬಂದು ಕೂರುತ್ತವೆ. ಬಂದದ್ದರಲ್ಲಿ ಒಂದೋ ಎರಡೋ ಪ್ರಶ್ನೆ ಬಳಸಲು ಯೋಗ್ಯವಾಗಿದ್ದರೂ ಲಾಭವೇ. ಲೆಕ್ಕಗಳಿದ್ದರೆ ಪ್ರತಿಯೊಂದನ್ನೂ ನೀವೇ ಬಿಡಿಸಿ ನೋಡಿ. ಎಐ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಪ್ರಶ್ನೆ ಸಿದ್ಧವಾದ ಮೇಲೆ ಎಲ್ಲ ಮಕ್ಕಳಿಂದಲೂ ಉತ್ತರ ಬರಬೇಕು. ಕೈ ಎತ್ತಿ ಎಂದರೆ ಮುಂದಿನ ಬೆಂಚಿನ ನಾಲ್ಕು ಜನ ಎತ್ತುತ್ತಾರೆ, ಉಳಿದವರು ಅವರ ಮುಖ ನೋಡುತ್ತಾರೆ. ಇದಕ್ಕೆ ಪ್ಲಿಕರ್ಸ್ ಎಂಬ ಆ್ಯಪ್ ಒಳ್ಳೆಯದು. ಮಕ್ಕಳ ಕೈಯಲ್ಲಿ ಬರೀ ಕಾಗದದ ಕಾರ್ಡ್ ಇದ್ದರೆ ಸಾಕು. ಪ್ರತಿ ಕಾರ್ಡಿನ ಮೇಲೆ ಬೇರೆ ಬೇರೆ ಕಪ್ಪು ಆಕೃತಿ, ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡ್ ತಿರುಗಿಸಿ ಹಿಡಿಯುತ್ತದೆ, ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ಆಡಿಸುತ್ತೀರಿ. ಯಾರು ಏನು ಹೇಳಿದರೆಂದು ನಿಮಗೆ ತಿಳಿಯುತ್ತದೆ, ಪಕ್ಕದವರಿಗೆ ತಿಳಿಯುವುದಿಲ್ಲ. ನಾಚಿಕೆಯ ಮಕ್ಕಳು ಇದರಲ್ಲೇ ಮೊದಲ ಸಲ ಉತ್ತರ ಕೊಡುವುದನ್ನು ಕಂಡಿದ್ದೇನೆ. ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿಯ ಬೆಳಕು ಹೊಳೆದು ಕ್ಯಾಮೆರಾ ಓದುವುದಿಲ್ಲ. ದಪ್ಪ ಕಾಗದ ಸಾಕು. ನೆಟ್ ಇಲ್ಲದ ದಿನ ಎಲ್ಲರೂ ಕಣ್ಣು ಮುಚ್ಚಿ, ಎದೆಯ ಮುಂದೆ ಒಂದರಿಂದ ನಾಲ್ಕು ಬೆರಳು ತೋರಿಸಲಿ. ಅದೂ ನಡೆಯುತ್ತದೆ.

ಈಗ ಅಳತೆ. ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಹುಡುಕುವಾಗ ಪಿ-ಹೆಚ್-ವೈ-ಪಿ-ಹೆಚ್-ಒ-ಎಕ್ಸ್ ಎಂದು ಟೈಪ್ ಮಾಡಿ. ಜರ್ಮನಿಯ ಆಖೆನ್‌ನಲ್ಲಿರುವ ಆರ್‌ಡಬ್ಲ್ಯೂಟಿಹೆಚ್ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನಲ್ಲಿ ಮೊದಲೇ ಇರುವ ಮೈಕ್, ವೇಗೋತ್ಕರ್ಷ ಸಂವೇದಕ, ಕಾಂತ ಸಂವೇದಕಗಳನ್ನು ಪ್ರಯೋಗಾಲಯದ ಉಪಕರಣಗಳಂತೆ ಬಳಸಲು ಬಿಡುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ನಿಮ್ಮದೊಂದು, ಸಹೋದ್ಯೋಗಿಯದೊಂದು ಫೋನ್ ಇಟ್ಟುಕೊಳ್ಳಿ.

ಮೈದಾನದಲ್ಲಿ ಟೇಪ್ ಹಿಡಿದು 10 ಮೀಟರ್ ಅಳೆದು ಎರಡು ಗುರುತು ಹಾಕಿ. ಪ್ರತಿ ಗುರುತಿನ ಬಳಿ ಒಂದು ಫೋನ್, ಎರಡು ಮರದ ತುಂಡು ಹಿಡಿದ ಒಂದು ಮಗು. ಎರಡೂ ಫೋನಿನಲ್ಲಿ 'ಅಕೌಸ್ಟಿಕ್ ಸ್ಟಾಪ್‌ವಾಚ್' ತೆರೆದು ಪ್ಲೇ ಒತ್ತಿ. ಇದು ಮೊದಲ ಸದ್ದಿಗೆ ಶುರುವಾಗಿ ಎರಡನೇ ಸದ್ದಿಗೆ ನಿಲ್ಲುವ ಗಡಿಯಾರ. ಮೊದಲ ಮಗು ತನ್ನ ಫೋನಿನ ಪಕ್ಕದಲ್ಲೇ ತುಂಡು ಕುಟ್ಟುತ್ತದೆ: ಅದರ ಫೋನ್ ಆಗಲೇ ಶುರು, ದೂರದ ಫೋನ್ ಸದ್ದು ತಲುಪಿದ ಮೇಲೆ ಶುರು. ಒಂದೆರಡು ಸೆಕೆಂಡ್ ಬಿಟ್ಟು ಎರಡನೇ ಮಗು ಕುಟ್ಟುತ್ತದೆ: ಅದರ ಫೋನ್ ತಕ್ಷಣ ನಿಲ್ಲುತ್ತದೆ, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಹಾಗಾಗಿ ಎರಡು ಫೋನುಗಳ ಸಮಯದ ವ್ಯತ್ಯಾಸವೆಂದರೆ ಶಬ್ದ ಹೋಗಿ ಬರಲು, ಅಂದರೆ 20 ಮೀಟರ್ ಸಾಗಲು, ಹಿಡಿದ ಹೊತ್ತು. ಒಂದರಲ್ಲಿ 2.314, ಇನ್ನೊಂದರಲ್ಲಿ 2.256 ಸೆಕೆಂಡ್ ಬಂತೆನ್ನಿ. ವ್ಯತ್ಯಾಸ 0.058. ಇಪ್ಪತ್ತನ್ನು ಅದರಿಂದ ಭಾಗಿಸಿದರೆ ಸುಮಾರು 345 ಮೀಟರ್ ಪ್ರತಿ ಸೆಕೆಂಡಿಗೆ. ಎರಡು ಫೋನುಗಳ ಗಡಿಯಾರ ಒಂದಕ್ಕೊಂದು ಹೊಂದಿರಲೇಬೇಕೆಂಬ ತಲೆನೋವೇ ಇಲ್ಲ. ಈ ಉಪಾಯವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸುವ ತನಕ ಬಿಡಬೇಡಿ, ಪಾಠದ ಸಾರ ಇರುವುದೇ ಅಲ್ಲಿ.

ಕೆಲವು ಸೂಕ್ಷ್ಮಗಳಿವೆ. ಸ್ಟೀಲ್ ತಟ್ಟೆ ಬಾರಿಸಬೇಡಿ. ಅದರ ಗುಂಯ್‌ಗುಡುವಿಕೆಗೆ ಗಡಿಯಾರ ತಾನಾಗಿ ನಿಂತುಬಿಡುತ್ತದೆ. ಮರದ ಸದ್ದು ಚುಟುಕು. 'ಥ್ರೆಷೋಲ್ಡ್' ಎಂಬ ಸಂಖ್ಯೆಯನ್ನು ಮಕ್ಕಳ ಪಿಸುಮಾತಿಗೆ ಗಡಿಯಾರ ಶುರುವಾಗದಷ್ಟು ಏರಿಸಿ, ಆದರೆ ದೂರದ ಕುಟ್ಟು ಕೇಳಿಸುವಷ್ಟು ಕೆಳಗೇ ಇರಲಿ. 'ಮಿನಿಮಮ್ ಡಿಲೇ'ಯನ್ನು 0.5 ಸೆಕೆಂಡಿಗೆ ಇಟ್ಟರೆ ಗೋಡೆಯ ಪ್ರತಿಧ್ವನಿಯ ಕಾಟ ತಪ್ಪುತ್ತದೆ. ಐದು ಮಿಲಿಸೆಕೆಂಡ್ ಹೆಚ್ಚಾದರೆ ಉತ್ತರ 345ರಿಂದ 317ಕ್ಕೆ ಜಾರುತ್ತದೆ, ಆದ್ದರಿಂದ ಹಲವು ಸಲ ಅಳೆದು ಸರಾಸರಿ ತೆಗೆಯಲೇಬೇಕು. ಪುಸ್ತಕದಲ್ಲಿ 22 ಡಿಗ್ರಿ ಸೆಲ್ಸಿಯಸ್‌ಗೆ 344 ಎಂದಿದೆ. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ 350ರ ಹತ್ತಿರ ಬಂದರೆ ಮಕ್ಕಳು ತಪ್ಪಾಯಿತೆಂದು ಪೆಚ್ಚಾಗುತ್ತಾರೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ಜವ (ಸೆಕೆಂಡಿಗೆ ಸಾಗುವ ದೂರ) ಸುಮಾರು 0.6 ಮೀಟರ್ ಏರುತ್ತದೆ ಎಂದು ಆಗ ಹೇಳಿ, ಅವರೇ ಲೆಕ್ಕ ಹಾಕಲಿ.

ಆಮೇಲೆ ಮೆಲ್ಲಗೆ ಕುಟ್ಟಿಸಿ, ಜೋರಾಗಿ ಕುಟ್ಟಿಸಿ. ಕಾರ್ಡಿನಲ್ಲಿ 'ಜೋರಾದ ಸದ್ದೇ ಬೇಗ' ಎಂದವರನ್ನೇ ಅಳತೆಗೆ ನಿಲ್ಲಿಸಿ. ಎರಡೂ ಸಲ ಸರಾಸರಿ ಹೆಚ್ಚುಕಡಿಮೆ ಒಂದೇ ಬರುತ್ತದೆ. 'ಇಲ್ಲ ಟೀಚರ್, ಇನ್ನೊಂದ್ಸಲ ಮಾಡೋಣ' ಎಂದು ಹಠ ಹಿಡಿದರೆ ಮಾಡಲು ಬಿಡಿ. ಅವಧಿ ಮುಗಿದರೂ ಬಿಡಿ.

ಫೋನಿನ ಪರದೆ ಎಲ್ಲರಿಗೂ ಕಾಣಬೇಕೆಂದರೆ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ, ಫೈಫಾಕ್ಸ್ ಮೆನುವಿನಲ್ಲಿ ರಿಮೋಟ್ ಆಕ್ಸೆಸ್ ಒತ್ತಿ. ಅಲ್ಲಿ ಕಾಣುವ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಆಯಿತು, ಡೇಟಾ ಖರ್ಚಿಲ್ಲದೆ ಪ್ರೊಜೆಕ್ಟರ್ ಮೇಲೆ ನೇರ ಗ್ರಾಫ್. ಹತ್ತನೇ ತರಗತಿಯ ವಿದ್ಯುತ್ಕಾಂತತೆಯ ಪಾಠಕ್ಕೆ ಇದೇ ಆ್ಯಪ್‌ನ ಕಾಂತ ಸಂವೇದಕ ಬಳಸಬಹುದು. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಸೆಲ್‌ಗೆ ಜೋಡಿಸಿದ ತಂತಿಯ ಸುರುಳಿ ಹತ್ತಿರ ತಂದಾಗ ಅದು ಬದಲಾಗುವುದು ಕಣ್ಣೆದುರೇ ಕಾಣುತ್ತದೆ. ಪ್ರಬಲ ಅಯಸ್ಕಾಂತವನ್ನು ಮಾತ್ರ ಫೋನಿಗೆ ತಾಗಿಸಬೇಡಿ.

ಅಳೆಯಲಾಗದ, ಕಣ್ಣಿಗೆ ಕಾಣದ ವಿಷಯಗಳಿಗೆ ಫೆಟ್ (ಪಿ-ಹೆಚ್-ಇ-ಟಿ) ಸಿಮ್ಯುಲೇಷನ್‌ಗಳಿವೆ, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು. ನೊಬೆಲ್ ವಿಜೇತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಉಚಿತ, ಮನೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರಬಹುದು, ಕೆಲವು ಕನ್ನಡದಲ್ಲೂ ಇವೆ. ವಿದ್ಯುನ್ಮಂಡಲದ ಸಿಮ್ಯುಲೇಷನ್‌ನಲ್ಲಿ ಬಲ್ಬುಗಳನ್ನು ಸರಣಿಯಲ್ಲಿ, ಸಮಾಂತರದಲ್ಲಿ ಜೋಡಿಸುವ ಮೊದಲು ಯಾವುದು ಹೆಚ್ಚು ಬೆಳಗುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಅದಾದ ಮೇಲೆ ಟಾರ್ಚ್ ಬಲ್ಬು, ಸೆಲ್ ಇಟ್ಟು ನಿಜವಾಗಿಯೂ ಮಾಡಿಸಿ. ಶಾರ್ಟ್ ಸರ್ಕ್ಯೂಟ್ ಮಾಡಿದರೆ ಪರದೆಯ ಮೇಲೆ ಬೆಂಕಿ ಕಾಣಿಸಿ ಮಕ್ಕಳು ಕುಣಿಯುತ್ತಾರೆ. ಮನೆಯ 230 ವೋಲ್ಟ್ ಜೊತೆ ಈ ಆಟ ಆಡುವಂತಿಲ್ಲ ಎಂದು ಆ ಕ್ಷಣದಲ್ಲೇ, ಗಟ್ಟಿಯಾಗಿ ಹೇಳಿ.

ಸರ್ಕಾರದ ಡಿಜಿಟಲ್ ಕಲಿಕಾ ವೇದಿಕೆ ದೀಕ್ಷಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬೇಕಾದದ್ದನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ಭಾಷಾ ಶಿಕ್ಷಕರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ.

ಮಕ್ಕಳ ಮಾಹಿತಿಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಪ್ಲಿಕರ್ಸ್‌ನಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ. ಅಂಕಪಟ್ಟಿ, ಮಕ್ಕಳ ಫೋಟೊಗಳನ್ನು ಯಾವ ಎಐಗೂ ಕೊಡಬೇಡಿ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಸಬೇಡಿ. ಎಐ ತೋರಿಸಲೇಬೇಕೆಂದರೆ ನಿಮ್ಮ ಖಾತೆಯಿಂದ ಒಂದು ಉತ್ತರವನ್ನು ಪರದೆಗೆ ಹಾಕಿ, ಪುಸ್ತಕ ಎದುರಿಗಿಟ್ಟು ಅದರಲ್ಲಿ ತಪ್ಪು ಹುಡುಕಲು ಹೇಳಿ. ಕೆಂಪು ಪೆನ್ನು ತಮ್ಮ ಕೈಗೆ ಬಂದರೆ ಅವರು ಓದುವ ರೀತಿಯೇ ಬೇರೆ.

ಹಿಂದಿನ ದಿನ ಇಡೀ ಪ್ರಯೋಗವನ್ನು ಒಮ್ಮೆ ನೀವೇ ಮಾಡಿ ನೋಡಿ, ಫೋನ್‌ಗಳು ಪೂರ್ತಿ ಚಾರ್ಜ್ ಆಗಿರಲಿ. ಮೈದಾನದಲ್ಲಿ ಬಂದ ಅಳತೆಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಮುಂದಿನ ವಾರ ಗಣಿತದ ಅವಧಿಯಲ್ಲಿ ಸಂಖ್ಯಾಶಾಸ್ತ್ರ ಶುರು ಮಾಡುವಾಗ ಪುಸ್ತಕದ ಉದಾಹರಣೆ ಬದಿಗಿಟ್ಟು, ಸರಾಸರಿ, ಮಧ್ಯಾಂಕಗಳನ್ನು ಆ ಹಾಳೆಯಿಂದಲೇ ಮಾಡಿಸಿ.